ನೆಲ ಕೊಟ್ಟವರಿಗೆ ನೀರಿನ ಪಾಲು

ತಮಿಳುನಾಡಿನ ತೇನಿ ಜಿಲ್ಲೆಯ ಆಂಡಿಪಟ್ಟಿ ಪೇಟೆಯಿಂದ ವೈಗೈ ಅಣೆಕಟ್ಟಿಗೆ ಬಸ್ಸಿನಲ್ಲಿ ಅರ್ಧ ಗಂಟೆ ಸಾಕು. ಆದರೂ ಬೇಸಿಗೆ ಬಂತೆಂದರೆ ಆಂಡಿಪಟ್ಟಿಯ ಸುತ್ತಲಿನ ಊರುಗಳಲ್ಲಿ ಕೊಡಗಳ ಸಾಲು ಬೀದಿಯುದ್ದ ನಿಲ್ಲುತ್ತದೆ. ಕಾಮರಾಜರು ಮುಖ್ಯಮಂತ್ರಿಯಾಗಿದ್ದಾಗ, 1959ರ ಜನವರಿಯಲ್ಲಿ ಉದ್ಘಾಟನೆಯಾದ ಅಣೆಕಟ್ಟು ಅದು. ನೀರು ಕೆಳಕ್ಕೆ ಹರಿದು ಮದುರೆ, ಶಿವಗಂಗೆ, ರಾಮನಾಥಪುರಗಳ ಕಡೆ ಹೋಗುತ್ತದೆ. ಜಲಾಶಯಕ್ಕೆಂದು ನದಿಯ ದಂಡೆಯ ಹದಿನಾಲ್ಕು ಹಳ್ಳಿಗಳನ್ನು ಎಬ್ಬಿಸಿದರು. ತಮಿಳು ಕವಿ ವೈರಮುತ್ತು ಅವರ ಕುಟುಂಬ ನೆಲ ಕಳೆದುಕೊಂಡು ವಡುಗಪಟ್ಟಿಗೆ ಬಂದದ್ದು ಹಾಗೆಯೇ. ಆ ಮುಳುಗಡೆಯ ಮೇಲೆ ಅವರು ಬರೆದ ‘ಕಳ್ಳಿಕ್ಕಾಟ್ಟು ಇತಿಹಾಸಂ’ ಕಾದಂಬರಿಗೆ 2003ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ನಾನು ಹುಟ್ಟಿದ್ದು ಕಂಬಂ ಕಣಿವೆಯಲ್ಲಿ. ಹೊಸಿಲ ಒಳಗೆ ಕನ್ನಡ, ಹೊರಗೆ ತಮಿಳು ಆಡುವ ಒಕ್ಕಲಿಗ ಕಾಪ್ಪಿಲಿಯರ ಮನೆಗಳು ಇಲ್ಲಿ ತಲೆಮಾರುಗಳಿಂದ ಇವೆ. ಗ್ರಾಮೀಣಾಭಿವೃದ್ಧಿ ಓದಿದ್ದು ದಿಂಡಿಗಲ್ ಹತ್ತಿರದ ಗಾಂಧಿಗ್ರಾಮದಲ್ಲಿ. ಕನ್ನಡ ಬರುತ್ತದೆಂಬ ಒಂದೇ ಕಾರಣಕ್ಕೆ ತೊಂಬತ್ತರ ದಶಕದಲ್ಲಿ ಬಾಗಲಕೋಟೆ ಕಡೆಯ ಮುಳುಗಡೆ ಹಳ್ಳಿಗಳಲ್ಲಿ ಪುನರ್ವಸತಿ ಕೆಲಸ ಸಿಕ್ಕಿತು. ಅಲ್ಲಿ ಹಲವು ವರ್ಷ ದುಡಿದು, ಮತ್ತೆ ಈ ಕಣಿವೆಗೆ ಮರಳಿ, ಇಲ್ಲಿ ರಸ್ತೆ, ಅಣೆಕಟ್ಟು, ಅರಣ್ಯಗಳ ಕಾರಣಕ್ಕೆ ಕಸುಬು ಕಳೆದುಕೊಂಡವರ ಜೊತೆ ಕೆಲಸ ಮಾಡುತ್ತಿದ್ದೇನೆ. ಕೆಳಗಿನ ಹತ್ತು ಪಾಠಗಳಲ್ಲಿ ಹೆಚ್ಚಿನವನ್ನು ಕಲಿತದ್ದು ತಪ್ಪು ಮಾಡಿಯೇ. ಆ ತಪ್ಪುಗಳ ಬೆಲೆ ತೆತ್ತವರು ಬೇರೆಯವರು, ಅದಕ್ಕೇ ಬರೆದಿಡಬೇಕೆನಿಸಿತು.

1. ಅಳತೆ ಟೇಪು ಬಿಚ್ಚುವ ಮೊದಲು ಅಡುಗೆಮನೆಯಲ್ಲಿ ಕೂತು ಹನ್ನೆರಡು ತಿಂಗಳ ಲೆಕ್ಕ ಕೇಳಿ

ಸರ್ವೆ ಫಾರಂ ಮನೆ ಎಷ್ಟು ಚದರ, ಜಮೀನು ಎಷ್ಟು ಸೆಂಟು, ತೆಂಗು ಎಷ್ಟು, ಬಾವಿ ಉಂಟೇ ಎಂದು ಕೇಳುತ್ತದೆ. ಆ ಮನೆ ವರ್ಷವಿಡೀ ಹೇಗೆ ಉಂಡಿತು ಎಂದು ಕೇಳುವ ಕಲಮು ಅದರಲ್ಲಿ ಇರುವುದಿಲ್ಲ. ನಾನೂ ಮೊದಲ ಐದಾರು ವರ್ಷ ಅಂಥ ಫಾರಂಗಳನ್ನೇ ತುಂಬಿದೆ. ಬಾಗಲಕೋಟೆಯ ಕಡೆ ಎರೆಭೂಮಿ ಕಳೆದುಕೊಂಡ ಒಂದು ಮನೆಗೆ ಸ್ಥಳಾಂತರವಾದ ಮೂರನೇ ವರ್ಷ ಹೋಗಿದ್ದೆ. ಪರಿಹಾರದ ಹಣದಲ್ಲಿ ಮನೆ ಚೆನ್ನಾಗಿಯೇ ಕಟ್ಟಿಸಿದ್ದರು. ಅಜ್ಜಿ ಒಳಗಿಂದ ಚಹಾ ತಂದಿಟ್ಟು ಹೇಳಿದಳು: “ತಮ್ಮಾ, ನಮ್ಮ ಮನ್ಯಾಗ ಬ್ಯಾಳಿ ಕೊಂಡು ತಂದದ್ದು ನನಗ ಗೊತ್ತಿಲ್ಲ. ಉಪ್ಪೊಂದು ತರತಿದ್ವಿ. ಈಗ ಎಲ್ಲಾ ಅಂಗಡ್ಯಾಗಿಂದನ ಬರಬೇಕು.” ತೊಗರಿ, ಹೊಲದ ಬದುವಿನ ಸೊಪ್ಪು, ಹೊಳೆಯ ದಂಡೆಯ ಸೌತೆ, ಎಮ್ಮೆಯ ಹೈನು, ಇವು ಯಾವುದೂ ನನ್ನ ಫಾರಂನಲ್ಲಿ ಇರಲಿಲ್ಲ. ಆ ಮನೆಯ ಉತಾರ ನನ್ನ ಬಳಿ ಇತ್ತು. ಊಟದ ಲೆಕ್ಕ ಇರಲಿಲ್ಲ.

ಈಗ ನಾನು ಮಾಡುವುದಿಷ್ಟು. ಮನೆಯ ಹಿರಿಯ ಹೆಂಗಸಿನ ಎದುರು ಕೂತು, ಚಿತ್ತಿರೈಯಿಂದ ಪಂಗುನಿಯವರೆಗೆ ಒಂದೊಂದು ತಿಂಗಳ ಹೆಸರು ಹಿಡಿದು ಕೇಳುತ್ತೇನೆ. ಈ ತಿಂಗಳು ಅಕ್ಕಿ ಎಲ್ಲಿಂದ ಬಂತು? ಎಣ್ಣೆಗೆ ಕಾಸು ಕೊಟ್ಟವರು ಯಾರು? ಕೈಸಾಲ ಯಾರ ಬಳಿ, ತೀರಿಸಿದ್ದು ಯಾವುದರಿಂದ? ವರುಸನಾಡಿನ ಕಡೆಯ ಒಂದು ಮನೆಯ ವರ್ಷ ಹೀಗಿತ್ತು: ಬೇಸಿಗೆ ಶುರುವಾಗುವಾಗ ಹುಣಸೆ ಬಡಿಯುವುದು, ಅದು ಮುಗಿಯುತ್ತಲೇ ಬೂರುಗದ ಕಾಯಿ ಇಳಿಸಿ ಹತ್ತಿ ಬಿಡಿಸುವುದು, ಜೂನ್‌ನಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಬಿಟ್ಟಮೇಲೆ ಕಂಬಂ ಗದ್ದೆಗಳಲ್ಲಿ ನಾಟಿ, ಆಗಸ್ಟ್‌ನಿಂದ ಬೆಟ್ಟ ಹತ್ತಿ ಏಲಕ್ಕಿ ಕೊಯ್ಲು, ನಡುನಡುವೆ ಎರಡು ಎಕರೆ ಮಾನಾವಾರಿಯಲ್ಲಿ, ಅಂದರೆ ಮಳೆ ನಂಬಿದ ಹೊಲದಲ್ಲಿ, ಒಂದು ಬೆಳೆ. ಪಟ್ಟಾದಲ್ಲಿ ಕಾಣುವುದು ಆ ಎರಡು ಎಕರೆ ಮಾತ್ರ. ಅದಕ್ಕೆ ನ್ಯಾಯವಾದ ಬೆಲೆಯನ್ನೇ ಕೊಟ್ಟರೂ ವರ್ಷದಲ್ಲಿ ಎರಡು ತಿಂಗಳಿಗೆ ಕೊಟ್ಟಂತೆ. ಉಳಿದ ಹತ್ತು ತಿಂಗಳು ಮರ, ಗದ್ದೆ, ಬೆಟ್ಟ, ನೆರೆಹೊರೆ ಇವುಗಳ ನಡುವಿನ ನಂಟಿನಲ್ಲಿ ಹುಟ್ಟುತ್ತಿದ್ದವು.

ವಿಶ್ವಬ್ಯಾಂಕಿನಲ್ಲಿದ್ದ ಸಮಾಜಶಾಸ್ತ್ರಜ್ಞ ಮೈಕೆಲ್ ಚೆರ್ನಿಯಾ ಸ್ಥಳಾಂತರವಾದವರು ಬಡವಾಗುವ ಎಂಟು ದಾರಿಗಳನ್ನು ಗುರುತಿಸಿದರು: ನೆಲ ಹೋಗುವುದು, ಕೆಲಸ ಹೋಗುವುದು, ಮನೆ ಹೋಗುವುದು, ಸಮಾಜದ ಅಂಚಿಗೆ ಬೀಳುವುದು, ಊಟದ ಭದ್ರತೆ ತಪ್ಪುವುದು, ಕಾಯಿಲೆ ಹೆಚ್ಚುವುದು, ಗೋಮಾಳ-ಕಾಡು-ನೀರಿನಂಥ ಸಾರ್ವಜನಿಕ ಆಸ್ತಿ ಕೈಬಿಡುವುದು, ಬಂಧುಬಳಗ ಚೆದುರುವುದು. ಹಣದ ಪರಿಹಾರ ಎಂಬುದು ಹೆಚ್ಚೆಂದರೆ ಮೊದಲ ಮೂರನ್ನು ಮುಟ್ಟುತ್ತದೆ. ಹನ್ನೆರಡು ತಿಂಗಳ ಪಟ್ಟಿ ಬರೆದರೆ ಎಂಟೂ ತಾವಾಗಿಯೇ ಕಣ್ಣಿಗೆ ಬೀಳುತ್ತವೆ.

2. ಪಟ್ಟಾ ಇಲ್ಲದವರ ಹೆಸರನ್ನು ಮೊದಲ ಪುಟದಲ್ಲಿ ಬರೆಯಿರಿ

ವೈಗೈ ಕಟ್ಟಿದ ಕಾಲಕ್ಕೆ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಮಾರುಕಟ್ಟೆ ಬೆಲೆ, ಅದರ ಮೇಲೆ ನೂರಕ್ಕೆ ಹದಿನೈದು. ಪುನರ್ವಸತಿ ಎಂಬ ಕರ್ತವ್ಯವನ್ನೇ ಆ ಕಾಯ್ದೆ ಸರ್ಕಾರದ ಮೇಲೆ ಹಾಕಿರಲಿಲ್ಲ. ನೆಲ ತನ್ನ ಹೆಸರಿನಲ್ಲಿದ್ದವನಿಗೆ ಒಂದಿಷ್ಟು ಸಿಕ್ಕಿತು. ಅದೇ ನೆಲದಲ್ಲಿ ಪಾಲಿಗೆ ಉತ್ತವನಿಗೆ, ಕಳೆ ಕೀಳುತ್ತಿದ್ದವಳಿಗೆ, ಊರಿನ ಕುಂಬಾರನಿಗೆ, ಕ್ಷೌರಿಕನಿಗೆ ಏನೂ ಇಲ್ಲ. 2013ರಲ್ಲಿ ಬಂದು 2014ರ ಜನವರಿ 1ರಿಂದ ಜಾರಿಯಾದ ಹೊಸ ಭೂಸ್ವಾಧೀನ ಕಾಯ್ದೆ ಇದನ್ನು ಬದಲಿಸಿತು. ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಆ ಜಾಗದ ದುಡಿಮೆಯೇ ಮುಖ್ಯ ಜೀವನೋಪಾಯವಾಗಿದ್ದ ಕೂಲಿಗಳು, ಗೇಣಿದಾರರು, ಪಾಲುಗಾರರು, ಕುಶಲಕರ್ಮಿಗಳು ಎಲ್ಲರೂ ‘ಬಾಧಿತ ಕುಟುಂಬ’. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟ ಹೆಂಗಸು ಪ್ರತ್ಯೇಕ ಕುಟುಂಬವೆಂದೇ ಲೆಕ್ಕ. ಒಂದು ಕೆಲಸ, ಇಲ್ಲವೇ ಒಂದೇ ಗಂಟಿನಲ್ಲಿ 5 ಲಕ್ಷ, ಇಲ್ಲವೇ ತಿಂಗಳಿಗೆ 2,000ಕ್ಕೆ ಕಡಿಮೆಯಿಲ್ಲದಂತೆ 20 ವರ್ಷ; ಇದರ ಜೊತೆಗೆ ಒಂದು ವರ್ಷ ತಿಂಗಳಿಗೆ 3,000 ಜೀವನಾಧಾರ.

ಕಾಯ್ದೆ ಒಳ್ಳೆಯದು. ಆದರೆ ಮೂರು ವರ್ಷ ಅಲ್ಲಿ ದುಡಿದೆನೆಂದು ಕೂಲಿಯವಳು ಯಾವ ಕಾಗದ ತೋರಿಸುತ್ತಾಳೆ? ಗೇಣಿ ಬಾಯಿಮಾತಿನದು, ನೆಲದ ಒಡೆಯ ಒಪ್ಪಿಕೊಂಡರೆ ತನ್ನ ಪಾಲಿಗೆ ಕುತ್ತು ಬಂದೀತೆಂದು ಹೆದರುತ್ತಾನೆ. ಆದ್ದರಿಂದ ಅಧಿಸೂಚನೆಯ ಗಾಳಿ ಬೀಸುವ ಮೊದಲೇ ಊರಿನವರ ಎದುರಿಗೆ, ಅಂಗಡಿಯ ಸಾಲದ ಪುಸ್ತಕ, ಹಾಲಿನ ಡೈರಿಯ ಚೀಟಿ, ಉದ್ಯೋಗ ಖಾತ್ರಿಯ ಕಾರ್ಡು, ಸ್ವಸಹಾಯ ಗುಂಪಿನ ಪಾಸ್‌ಬುಕ್ಕು ಎಲ್ಲವನ್ನೂ ಸೇರಿಸಿ ಒಂದು ಕಡತ ಮಾಡಿಡಬೇಕು. ಈ ಕೆಲಸ ನಾವು ಮಾಡದೆ ಹೋದ ಒಂದು ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೂಲಿ ಮನೆಗಳು ಪಟ್ಟಿಯಿಂದ ಹೊರಗುಳಿದವು. ಆ ಮುಖಗಳು ಈಗಲೂ ನೆನಪಿವೆ.

3. ಹಣ ಬರುವ ಮೊದಲೇ ಬದಲಿ ನೆಲ ಗೊತ್ತಾಗಿರಬೇಕು

ಒಂದೇ ವಾರದಲ್ಲಿ ನೂರಾರು ಮನೆಗಳಿಗೆ ಪರಿಹಾರ ಬಂದರೆ ಸುತ್ತ ಹತ್ತು ಮೈಲಿಯ ನೆಲದ ಬೆಲೆ ಅದೇ ವಾರ ಏರುತ್ತದೆ. ದಲ್ಲಾಳಿಗಳಿಗೆ ತಾರೀಕು ನಮಗಿಂತ ಮೊದಲೇ ಗೊತ್ತಿರುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಡೆ ನಾಲ್ಕೆಕರೆ ಕಳೆದುಕೊಂಡವನು ಆ ಹಣಕ್ಕೆ ಎರಡೆಕರೆ ಹುಡುಕಲೂ ತಿಣುಕಿದ್ದನ್ನು ನಾನು ಕಂಡಿದ್ದೇನೆ. ಆ ಯೋಜನೆಯ ಎರಡನೇ ಹಂತಕ್ಕೆ 1989ರಲ್ಲಿ ಸಾಲ ಕೊಟ್ಟಿದ್ದ ವಿಶ್ವಬ್ಯಾಂಕ್, ಪುನರ್ವಸತಿ ಹಿಂದೆ ಬಿದ್ದಿದೆಯೆಂದು ತೊಂಬತ್ತರ ದಶಕದಲ್ಲಿ ಹಣ ಬಿಡುಗಡೆಯನ್ನೇ ತಡೆಹಿಡಿದದ್ದು ಉಂಟು. ಹಾಗೆ ತಡೆದದ್ದರಿಂದಲೇ ಕೆಲವು ಕೆಲಸಗಳು ಮುಂದೆ ಸಾಗಿದವು ಎಂಬುದು ನಾನು ಒಳಗಿದ್ದು ನೋಡಿದ ಮಾತು.

ನೆಲಕ್ಕೆ ಹೋಗದ ಹಣ ಎಲ್ಲಿಗೆ ಹೋಗುತ್ತದೆ ಎಂದು ಪಟ್ಟಿ ಮಾಡಿದ್ದೇನೆ. ಹಳೆಯ ಸಾಲ ಮೊದಲು. ತಮಿಳುನಾಡಿನಲ್ಲಿ ಕಂದುವಟ್ಟಿ ಎಂದು ಕರೆಯುವ ಮೀಟರ್ ಬಡ್ಡಿಯವನು ಬ್ಯಾಂಕಿನ ಬಾಗಿಲಲ್ಲೇ ಕಾದಿರುತ್ತಾನೆ. ಆಮೇಲೆ ಮಗಳ ಮದುವೆ, ಮನೆಯ ಮೇಲೆ ಇನ್ನೊಂದು ಅಂತಸ್ತು, ಮಗನಿಗೆ ಬೈಕು. ಜನ ದುಂದು ಮಾಡಿದರು ಎಂದು ಕಚೇರಿಗಳಲ್ಲಿ ಹೇಳುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ವರ್ಷಕ್ಕೊಮ್ಮೆ ಬೆಳೆಯ ರೂಪದಲ್ಲಿ ಹಣ ಕಂಡವರ ಕೈಗೆ ಮೂವತ್ತು ವರ್ಷದ ಬೆಳೆಯನ್ನು ಒಂದೇ ದಿನ ಸುರಿದರೆ ಯಾರೇ ಆದರೂ ಮೊದಲು ಮೈಮೇಲಿನ ಭಾರ ಇಳಿಸಿಕೊಳ್ಳುತ್ತಾರೆ. ಚೆಕ್ಕಿನ ಹಿಂದೆಯೇ ನೋಂದಣಿಗೆ ತಯಾರಾದ ಬದಲಿ ನೆಲದ ಪಟ್ಟಿ ಇದ್ದ ಊರುಗಳಲ್ಲಿ ಈ ಕಥೆ ಬೇರೆಯಾಗಿತ್ತು.

ಬದಲಿ ನೆಲದ ಕಾಗದವೂ ಗಟ್ಟಿಯಿರಬೇಕು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಎದ್ದ ಶರಾವತಿ ಕಣಿವೆಯ ಜನರಿಗೆ ಕೊಟ್ಟದ್ದು ಅರಣ್ಯ ಇಲಾಖೆಯ ಜಮೀನು. ಮೊಮ್ಮಕ್ಕಳ ಕಾಲ ಬಂದರೂ ಅನೇಕರಿಗೆ ಹಕ್ಕುಪತ್ರದ ಚಿಂತೆ ಬಿಟ್ಟಿಲ್ಲ. ನೆಲ ಇದ್ದೂ ಬ್ಯಾಂಕಿನ ಸಾಲ ಇಲ್ಲ, ಬೋರ್ ಕೊರೆಸುವ ಧೈರ್ಯ ಇಲ್ಲ.

4. ಹೊಸ ಊರಿಗೆ ಜಾಗ ನೋಡಲು ಬೆಳಗಿನ ಜಾವ ನಾಲ್ಕು ಗಂಟೆಗೆ ಹೋಗಿ

ಕಂಬಂ, ಗೂಡಲೂರು, ಬೋಡಿನಾಯಕನೂರುಗಳಲ್ಲಿ ಆ ಹೊತ್ತಿಗೆ ಜೀಪುಗಳು ತುಂಬುತ್ತವೆ. ತಲೆಗೆ ಬಟ್ಟೆ ಕಟ್ಟಿ, ಸ್ಟೀಲು ಡಬ್ಬಿಯಲ್ಲಿ ಅನ್ನ ಹಿಡಿದ ಹೆಂಗಸರು ಕುಮಿಳಿ, ಕಂಬಂಮೆಟ್ಟು, ಬೋಡಿಮೆಟ್ಟಿನ ತಿರುವುಗಳಲ್ಲಿ ಹತ್ತಿ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗುತ್ತಾರೆ, ಸಂಜೆ ಇಳಿಯುತ್ತಾರೆ. ಈ ಕಣಿವೆಯ ಬಡ ಮನೆಗಳ ಒಲೆ ಉರಿಯುವುದು ಬಹುಮಟ್ಟಿಗೆ ಈ ಜೀಪುಗಳಿಂದ. ಹಗಲು ಹನ್ನೊಂದಕ್ಕೆ ನಕ್ಷೆ ಹಿಡಿದು ಹೋಗುವ ಅಧಿಕಾರಿಗೆ ಇದು ಕಾಣುವುದೇ ಇಲ್ಲ.

ನಾವು ಒಮ್ಮೆ ಒಳ್ಳೆಯ ಜಾಗ ಎಂದು ಒಪ್ಪಿದ ಬಡಾವಣೆ ಮುಖ್ಯರಸ್ತೆಯಿಂದ ನಾಲ್ಕು ಕಿಲೋಮೀಟರು ಒಳಗಿತ್ತು. ನೀರಿತ್ತು, ವಿದ್ಯುತ್ ಇತ್ತು, ಶಾಲೆಗೆ ಜಾಗ ಬಿಟ್ಟಿದ್ದರು. ಜೀಪು ಅಲ್ಲಿಗೆ ಬರುತ್ತಿರಲಿಲ್ಲ. ಕತ್ತಲಲ್ಲಿ ನಾಲ್ಕು ಕಿಲೋಮೀಟರು ನಡೆದು ಜೀಪು ಹಿಡಿಯಲು ಹೆಂಗಸರಿಗಾಗಲಿಲ್ಲ. ಆರು ತಿಂಗಳಲ್ಲಿ ಮೂರನೇ ಒಂದು ಭಾಗದ ಮನೆಗಳಿಗೆ ಬೀಗ ಬಿತ್ತು. ಜನ ಪೇಟೆಯ ಅಂಚಿಗೆ ಬಂದು ಬಾಡಿಗೆ ಗುಡಿಸಲಲ್ಲಿ ಕೂತರು. ಮನೆ ಬೇಡವೆಂದು ಬಂದವರಲ್ಲ ಅವರು, ಕೂಲಿ ಬೇಕೆಂದು ಬಂದವರು.

ಗಡಿಯಾಚೆಯ ಕೂಲಿಯನ್ನು ಒಂದನ್ನೇ ನಂಬಿದ ಬದುಕು ಎಷ್ಟು ಬೇಗ ಮುರಿಯುತ್ತದೆ ಎಂಬುದನ್ನೂ ಈ ಕಣಿವೆ ಎರಡು ಸಲ ಕಂಡಿದೆ. 2011ರ ಡಿಸೆಂಬರಿನಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟಿನ ಬಗ್ಗೆ ಕೇರಳ–ತಮಿಳುನಾಡು ವಿವಾದ ಉರಿದಾಗ ಇಡುಕ್ಕಿಯ ತೋಟಗಳಲ್ಲಿದ್ದ ತಮಿಳು ಕೂಲಿಗಳು ಉಟ್ಟ ಬಟ್ಟೆಯಲ್ಲಿ ಘಾಟಿ ಇಳಿದು ಬಂದರು. 2020ರಲ್ಲಿ ಕೊರೊನಾ ಬಂದಾಗ ಮೂರೂ ಘಾಟಿ ರಸ್ತೆಗಳ ಗಡಿ ಮುಚ್ಚಿತು. ಬೆಟ್ಟದ ಕೂಲಿಯ ದಾರಿ ಉಳಿಸಬೇಕು, ಕೆಳಗೂ ಒಂದು ದುಡಿಮೆ ಇರಬೇಕು.

5. ದನ ಎಲ್ಲಿ ಮೇಯುತ್ತದೆ ಎಂದು ಕೇಳದೆ ಯಾರನ್ನೂ ಎಬ್ಬಿಸಬೇಡಿ

ಇದನ್ನು ಬರೆಯುವಾಗ ನನಗೆ ಮೈಯೆಲ್ಲ ನೆನಪು. ಕಂಬಂನ ನಂದಗೋಪಾಲಸ್ವಾಮಿ ಗುಡಿಯ ತಂಬಿರಾನ್ ಮಾಟ್ಟು ತೊಳುವಿನಲ್ಲಿ, ಅಂದರೆ ದೇವರ ದನಗಳ ದೊಡ್ಡಿಯಲ್ಲಿ, ಮಾಟ್ಟುಪ್ಪೊಂಗಲ್ ದಿನ ನಮ್ಮ ಮನೆಯವರೆಲ್ಲ ಹೋಗಿ ನಿಲ್ಲುತ್ತಿದ್ದೆವು. ಕನ್ನಡ ನಾಡಿನಿಂದ ದನಗಳ ಹಿಂದೆ ಬಂದವರು ನಾವು ಎಂಬುದು ನಮ್ಮ ಜನರ ಮನೆಮಾತು. ಆ ದನ ಕೊಟ್ಟಿಗೆಯಲ್ಲಿ ಕಟ್ಟಿ ಹಿಂಡಿ ಹಾಕಿ ಸಾಕುವ ತಳಿಯಲ್ಲ. ಮಲೈಮಾಡು, ಬೆಟ್ಟದ ದನ. ಹಿಂಡಾಗಿ ಕಾಡಿಗೆ ಹತ್ತಿ ಮೇಯುತ್ತದೆ. ಗೊಬ್ಬರಕ್ಕೆ ಕೆಳಗಿನ ರೈತರು ಗದ್ದೆಯಲ್ಲಿ ಮಂದೆ ಕೂರಿಸಿಕೊಳ್ಳುತ್ತಾರೆ.

ಆ ದನ ಮೇಯುವ ಮೇಘಮಲೈ ಮೊದಲು ವನ್ಯಜೀವಿಧಾಮವಾಯಿತು, 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೈ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ಮೊದಲು ತಮಿಳುನಾಡಿನ ಎಲ್ಲ ಕಾಡುಗಳಲ್ಲೂ ಮೇಯಿಸುವುದನ್ನು ತಡೆದು, ಆಮೇಲೆ ಅದೇ ತಿಂಗಳು ಆ ತಡೆಯನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿತು. ಕಾಡು ಉಳಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ವೈಗೈ ಹುಟ್ಟುವುದೇ ಆ ಬೆಟ್ಟಗಳಲ್ಲಿ. ಆದರೆ ಇಲ್ಲಿ ಒಬ್ಬರ ಮನೆಯನ್ನೂ ಕೆಡವದೆ, ಒಂದು ಸೆಂಟು ನೆಲವನ್ನೂ ತೆಗೆದುಕೊಳ್ಳದೆ ಒಂದು ಕಸುಬು ಎದ್ದು ಹೋಗುತ್ತಿದೆ. ಪರಿಹಾರದ ಯಾವ ಪಟ್ಟಿಯಲ್ಲೂ ದನಗಾಹಿ ಇಲ್ಲ.

ಮುಳುಗಡೆಯಲ್ಲೂ ಇದೇ ಆಗುತ್ತದೆ. ಗೋಮಾಳ, ಕಣ್ಮಾಯಿ ಎನ್ನುವ ಕೆರೆಯ ಅಂಗಳ, ಹೊಳೆಯ ದಂಡೆ ಸರ್ಕಾರದ ಲೆಕ್ಕದಲ್ಲಿ ಪೊರಂಬೋಕು, ಯಾರ ಪಟ್ಟಾಕ್ಕೂ ಸೇರದ ನೆಲ. ಅದಕ್ಕೆ ಬೆಲೆ ಸರ್ಕಾರ ತನಗೆ ತಾನೇ ಕೊಟ್ಟುಕೊಳ್ಳಬೇಕು, ಕೊಡುವುದಿಲ್ಲ. ಪುನರ್ವಸತಿ ಕೇಂದ್ರದಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಎಮ್ಮೆ ಕಟ್ಟಲು ಜಾಗವಿಲ್ಲದೆ ಮಾರುತ್ತಾರೆ. ಎಮ್ಮೆ ಮಾರಿದ ದಿನ ಆ ಮನೆಯ ಹೆಂಗಸಿನ ಕೈಯ ಸ್ವಂತ ಹಣ ನಿಂತಿತು. ಹೊಲದ ದುಡ್ಡು ಗಂಡನದು, ಹಾಲಿನ ದುಡ್ಡು ಅವಳದಾಗಿತ್ತು. ಹೊಸ ಊರಿನ ನಕ್ಷೆಯಲ್ಲಿ ಬಸ್ ನಿಲ್ದಾಣ ಬರೆಯುವ ಮೊದಲು ಮೇವಿನ ನೆಲ ಬರೆಯಿರಿ ಎಂದು ನಾನು ಜಗಳ ಮಾಡುವುದು ಅದಕ್ಕೇ. ನಿವೇಶನವನ್ನು ಗಂಡ-ಹೆಂಡತಿ ಇಬ್ಬರ ಹೆಸರಿಗೂ ಜಂಟಿಯಾಗಿ ಕೊಡಲು 2013ರ ಕಾಯ್ದೆಯಲ್ಲಿ ಅವಕಾಶವಿದೆ. ಕೇಳಿದರೆ ಕೊಡುತ್ತಾರೆ. ಕೇಳುವವರು ಕಡಿಮೆ.

6. ಮುಯ್ಯಾಳು ಮುರಿಯದ ಹಾಗೆ ಮನೆ ಹಂಚಿ

ಲಾಟರಿ ಎತ್ತಿ ಸೈಟು ಕೊಡುವುದು ನ್ಯಾಯವೆಂದು ತೋರುತ್ತದೆ. ಆದರೆ ನಾಟಿಗೆ ಒಬ್ಬರಿಗೊಬ್ಬರು ಕೂಲಿಯಿಲ್ಲದೆ ಬರುವವರು, ಬಾಣಂತಿಗೆ ಗಂಜಿ ಕೊಡುವವರು, ಅಂಗಡಿಯಲ್ಲಿ ಜಾಮೀನು ನಿಲ್ಲುವವರು ಅಕ್ಕಪಕ್ಕದ ಮನೆಯವರು. ಚೀಟಿ ಎತ್ತಿ ಅವರನ್ನು ಊರಿನ ನಾಲ್ಕು ಮೂಲೆಗೆ ಎಸೆದರೆ ಮುಯ್ಯಿಗೆ ಸಿಗುತ್ತಿದ್ದ ಪ್ರತಿ ಆಳಿಗೂ ಇನ್ನು ಕೂಲಿ ಎಣಿಸಬೇಕು. ಓಣಿಗೆ ಓಣಿಯೇ ಒಟ್ಟಿಗೆ ಹೋಗಲಿ, ಆಮೇಲೆ ಓಣಿಯೊಳಗೆ ಬೇಕಾದರೆ ಚೀಟಿ ಎತ್ತಲಿ. ದಲಿತರ ಓಣಿಯನ್ನು ಹೊಸ ಊರಿನಲ್ಲೂ ನೀರಿನ ತೊಟ್ಟಿಯಿಂದ ದೂರ ಇಡುವುದಕ್ಕೆ ಈ ಮಾತನ್ನು ನೆಪ ಮಾಡಿಕೊಳ್ಳಲು ಬರುವವರೂ ಇರುತ್ತಾರೆ. ಅಲ್ಲಿ ಗಟ್ಟಿಯಾಗಿ ನಿಲ್ಲಬೇಕು: ನೆರೆ ಹಳೆಯದಿರಲಿ, ನೀರಿನ ದೂರ ಎಲ್ಲರಿಗೂ ಒಂದೇ ಇರಲಿ.

7. ಜೀವಂತವಾಗಿರುವ ಕಸುಬಿನ ಪಕ್ಕದಲ್ಲಿ ಕೂರಿಸಿ ಕಲಿಸಿ

ತರಬೇತಿ ಎಂದರೆ ನಮ್ಮಲ್ಲಿ ಹೊಲಿಗೆ ಯಂತ್ರ. ಒಂದು ಬಡಾವಣೆಯ ಎಂಬತ್ತು ಹೆಂಗಸರಿಗೆ ಮೂರು ತಿಂಗಳು ಹೊಲಿಗೆ ಕಲಿಸಿ ಎಂಬತ್ತು ಯಂತ್ರ ಕೊಟ್ಟ ಕಾರ್ಯಕ್ರಮದಲ್ಲಿ ನಾನೂ ಇದ್ದೆ. ಒಂದೇ ಬೀದಿಯಲ್ಲಿ ಎಂಬತ್ತು ಜನ ದರ್ಜಿಗಳಿಗೆ ಬಟ್ಟೆ ಕೊಡುವವರು ಯಾರು ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ವರ್ಷ ತುಂಬುವುದರೊಳಗೆ ಯಂತ್ರಗಳು ಅರ್ಧ ಬೆಲೆಗೆ ಹೋದವು.

ದಿಂಡಿಗಲ್‌ನ ಬೀಗಕ್ಕೆ ದೊಡ್ಡ ಹೆಸರು, 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. ಆದರೆ ಕೈಯಿಂದ ಬೀಗ ಮಾಡುವ ಮನೆಗಳ ಮಕ್ಕಳೇ ಅಲಿಗಢದ ಅಗ್ಗದ ಬೀಗದ ಎದುರು ಸೋತು ಬೇರೆ ಕೆಲಸ ಹಿಡಿಯುತ್ತಿರುವಾಗ ನೆಲ ಕಳೆದುಕೊಂಡು ಬಂದ ಹುಡುಗನಿಗೆ ಅದನ್ನು ಕಲಿಸುವುದು ಅನ್ಯಾಯ. ಅದೇ ಜಿಲ್ಲೆಯ ಚಿನ್ನಾಳಪಟ್ಟಿಯಲ್ಲಿ ಸುಂಗುಡಿ ಸೀರೆಗೆ ಬಣ್ಣ ಹಾಕುವವರಿಂದ ಮಾರುವವರವರೆಗೆ ಸರಪಳಿ ಇದೆ. ಹೊಸಬರು ಅದರ ಒಂದು ಕೊಂಡಿಯಾಗಿ ಸೇರಿಕೊಳ್ಳಬಹುದು. ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿಗೂ 2023ರಲ್ಲಿ ಅದೇ ಮಾನ್ಯತೆ ಸಿಕ್ಕಿದೆ. ಇಲ್ಲಿ ವರ್ಷದ ಬಹುಪಾಲು ಯಾವುದಾದರೂ ತೋಟದಲ್ಲಿ ಕೊಯ್ಲು ನಡೆದಿರುತ್ತದೆ, ಸವರಲು ಬಲ್ಲ ಕೈಗೆ ಯಾವಾಗಲೂ ಕೆಲಸ. ಸರ್ಟಿಫಿಕೇಟು ಕೊಡುವ ಕೇಂದ್ರಕ್ಕೆ ಕಳಿಸದೆ, ಎರಡು ಹಂಗಾಮು ಅನುಭವಿ ಸವರುಗಾರನ ಜೊತೆ ಕೂಲಿ ಕೊಟ್ಟು ಬಿಟ್ಟ ಹುಡುಗರು ಇವತ್ತು ಸ್ವಂತ ತಂಡ ಕಟ್ಟಿಕೊಂಡಿದ್ದಾರೆ.

8. ‘ಸದ್ಯಕ್ಕೆ’ ಎಂಬ ಮಾತಿಗೆ ತಾರೀಕು ಬರೆಸಿಕೊಳ್ಳಿ

ಮದುರೆ–ಬೋಡಿ ಮೀಟರ್‌ಗೇಜ್ ರೈಲು 2010ರ ಕೊನೆಗೆ ನಿಂತಿತು, ಹಳಿ ಅಗಲ ಮಾಡಲೆಂದು. ತೇನಿಗೆ ಮತ್ತೆ ರೈಲು ಬಂದದ್ದು 2022ರ ಮೇನಲ್ಲಿ, ಬೋಡಿಗೆ 2023ರ ಜೂನ್‌ನಲ್ಲಿ. ನಿಲ್ದಾಣದ ಬಾಗಿಲಲ್ಲಿ ವಡೆ, ಮಲ್ಲಿಗೆ, ಕಡಲೆಕಾಯಿ ಮಾರುತ್ತಿದ್ದವರಿಗೆ ಹನ್ನೆರಡು ವರ್ಷ ‘ಸದ್ಯಕ್ಕೆ’ ಅಲ್ಲ, ಅವರ ದುಡಿಮೆಯ ವಯಸ್ಸಿನ ದೊಡ್ಡ ಪಾಲು.

ಇನ್ನೊಂದು ಬಗೆಯ ಸದ್ಯಕ್ಕೆ ಇದೆ, ಅದು ಇನ್ನೂ ಕೆಟ್ಟದ್ದು. ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದುರ್ ಶಾಸ್ತ್ರಿಗಳು ಅಡಿಗಲ್ಲು ಹಾಕಿದ್ದು 1964ರಲ್ಲಿ. ನೀರು 519.6 ಮೀಟರಿಗೆ ನಿಂತಿತು. 2010ರ ಡಿಸೆಂಬರಿನಲ್ಲಿ ಕೃಷ್ಣಾ ನೀರಿನ ಎರಡನೇ ನ್ಯಾಯಾಧಿಕರಣ 524.256 ಮೀಟರಿಗೆ ಒಪ್ಪಿತು. ಆ ಐದು ಮೀಟರಿಗೂ ಕಡಿಮೆಯ ಎತ್ತರದ ನಡುವೆ ಎಷ್ಟೋ ಊರುಗಳು ವರ್ಷಗಳಿಂದ ಕಾಯುತ್ತಿವೆ. ಮುಳುಗುವ ಪಟ್ಟಿಯಲ್ಲಿರುವ ಊರಿನಲ್ಲಿ ಯಾರೂ ಹೊಸ ಬಾವಿ ತೋಡುವುದಿಲ್ಲ, ಮಾವು ನೆಡುವುದಿಲ್ಲ, ಮಾಡು ಸೋರಿದರೆ ತಗಡು ಹೊದಿಸುತ್ತಾರೆ. ಹೆಣ್ಣು ಕೊಡುವವರು ಯೋಚಿಸುತ್ತಾರೆ. ನೀರು ಬರುವ ಎಷ್ಟೋ ಮೊದಲೇ ಜೀವನೋಪಾಯ ಮುಳುಗಿರುತ್ತದೆ. ತೇನಿ ಜಿಲ್ಲೆಯ ಪೊಟ್ಟಿಪುರದ ಬೆಟ್ಟದಡಿ ನ್ಯೂಟ್ರಿನೊ ಪ್ರಯೋಗಾಲಯಕ್ಕೆ 2015ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗಿನಿಂದ ಅಲ್ಲಿಯ ರೈತರ ಮಾತಿನಲ್ಲೂ ಇದೇ ತೂಗುಯ್ಯಾಲೆ ಕೇಳಿದ್ದೇನೆ. ಯೋಜನೆ ಬೇಕೋ ಬೇಡವೋ ಎಂಬ ವಾದ ಬೇರೆ. ತೀರ್ಮಾನ ತಡವಾದ ಪ್ರತಿ ವರ್ಷಕ್ಕೂ ಆ ಊರಿಗೆ ಖರ್ಚು ಕಟ್ಟಿಕೊಡಬೇಕು ಎಂಬುದು ನನ್ನ ಹಟ.

9. ಯೋಜನೆಯ ಫಲದಲ್ಲೇ ಪಾಲು ಕೇಳಿ

ಉಳಿದೆಲ್ಲ ಪಾಠಗಳನ್ನು ಮರೆತರೂ ಇದನ್ನು ಮರೆಯಬೇಡಿ ಎಂದು ಹೊಸದಾಗಿ ಕೆಲಸಕ್ಕೆ ಬಂದವರಿಗೆ ಹೇಳುತ್ತೇನೆ.

ನಮ್ಮ ಕಣಿವೆಯ ಕಥೆಯನ್ನೇ ನೋಡಿ. ಬ್ರಿಟಿಷ್ ಎಂಜಿನಿಯರ್ ಪೆನ್ನಿಕ್ವಿಕ್ ಕಟ್ಟಿದ ಮುಲ್ಲಪೆರಿಯಾರ್ 1895ರಲ್ಲಿ ಮುಗಿದು, ಪಶ್ಚಿಮಕ್ಕೆ ಹರಿಯುತ್ತಿದ್ದ ನೀರು ಸುರಂಗದಲ್ಲಿ ಪೂರ್ವಕ್ಕೆ ಬಂತು. ಇವತ್ತು ಕಂಬಂ ಕಣಿವೆಯ 14,707 ಎಕರೆ ಎರಡು ಬೆಳೆಯ ಗದ್ದೆ ಅದರಿಂದ ಹಸಿರಾಗಿದೆ. ಅದಕ್ಕೇ ಇಲ್ಲಿಯ ಮನೆಗಳಲ್ಲಿ ಪೆನ್ನಿಕ್ವಿಕ್ ಪಟ ದೇವರ ಪಟದ ಪಕ್ಕ ತೂಗುತ್ತದೆ, ಪೊಂಗಲ್‌ಗೆ ಅವರ ಹೆಸರಲ್ಲಿ ಅನ್ನ ಬೇಯುತ್ತದೆ. ಅದೇ ನೀರು ಮುಂದೆ ವೈಗೈ ಅಣೆಕಟ್ಟಿಗೆ ಸೇರಿ 71 ಅಡಿಯವರೆಗೆ ನಿಲ್ಲುತ್ತದೆ. ಆ 71 ಅಡಿಯ ಅಡಿಯಲ್ಲಿ ನೆಲ ಬಿಟ್ಟು ಎದ್ದವರು ದಂಡೆಯ ಮೇಲಿನ ಒಣ ಭೂಮಿಗೆ ಹೋದರು. ನೀರು ಇಳಿಜಾರಿಗೆ ಹರಿಯಿತು, ಅವರು ಏರಿಗೆ ಹತ್ತಿದರು. ಆಂಡಿಪಟ್ಟಿಯ ಕಣ್ಮಾಯಿಗಳನ್ನು ಮುಲ್ಲಪೆರಿಯಾರ್ ನೀರಿನಿಂದ ತುಂಬಿಸಿ ಎಂಬ ಬೇಡಿಕೆ ಎಷ್ಟೋ ಚುನಾವಣೆಗಳನ್ನು ಕಂಡಿದೆ. ಕಣಿವೆಯ ಒಂದು ಕಡೆ ಕೃತಜ್ಞತೆಯ ಪೊಂಗಲ್, ಇನ್ನೊಂದು ಕಡೆ ಕೊಡದ ಸಾಲು. ಎರಡೂ ಒಂದೇ ನೀರಿನ ಕಥೆ.

ಪರಿಹಾರ ಎಂಬುದು ಹಿಂದೆ ಇದ್ದದ್ದಕ್ಕೆ ಬೆಲೆ. ಅದು ಸರಿಯಾಗಿ ಬಂದರೂ, ಕೆಳಗಿನ ರೈತ ವರ್ಷ ವರ್ಷಕ್ಕೆ ಎರಡು ಬೆಳೆಯಿಂದ ಮೇಲೇರುತ್ತಿರುವಾಗ, ಎದ್ದುಹೋದವನು ಇದ್ದಲ್ಲೇ ನಿಲ್ಲುತ್ತಾನೆ. ಚೆರ್ನಿಯಾ ಕೊನೆಗೆ ಒತ್ತಿ ಹೇಳಿದ್ದೂ ಇದನ್ನೇ: ಪರಿಹಾರದ ಜೊತೆ ಲಾಭದ ಪಾಲು ಇಲ್ಲದೆ ಬದುಕು ಮತ್ತೆ ನಿಲ್ಲದು. ಮಹಾರಾಷ್ಟ್ರ 1976ರಲ್ಲೇ ಕಾಯ್ದೆ ಮಾಡಿ, ಅಣೆಕಟ್ಟಿನ ಅಚ್ಚುಕಟ್ಟಿನಲ್ಲಿ ಹೆಚ್ಚು ನೆಲ ಇದ್ದವರಿಂದ ಒಂದು ಪಾಲು ತೆಗೆದು ನಿರಾಶ್ರಿತರಿಗೆ ಕೊಡುವ ದಾರಿ ತೆರೆಯಿತು. ನೀರು ಸಿಕ್ಕವನು ಸ್ವಲ್ಪ ನೆಲ ಬಿಡಲಿ, ನೆಲ ಬಿಟ್ಟವನಿಗೆ ಸ್ವಲ್ಪ ನೀರು ಸಿಗಲಿ ಎಂಬ ಸರಳ ನ್ಯಾಯ. ಚೀನಾ 2006ರಲ್ಲಿ ಜಲಾಶಯಗಳಿಂದ ಸ್ಥಳಾಂತರವಾದ ಹಳ್ಳಿಗರಿಗೆ, ಹಳೆಯ ಅಣೆಕಟ್ಟುಗಳವರನ್ನೂ ಸೇರಿಸಿ, ತಲೆಗೆ ವರ್ಷಕ್ಕೆ 600 ಯುವಾನ್‌ನಂತೆ 20 ವರ್ಷ ಕೊಡುವ ತೀರ್ಮಾನ ಮಾಡಿತು. ನಮ್ಮ 2013ರ ಕಾಯ್ದೆಯೂ ನೀರಾವರಿ ಯೋಜನೆಗಳಲ್ಲಿ ನೆಲ ಕಳೆದುಕೊಂಡ ಕುಟುಂಬಕ್ಕೆ ಸಾಧ್ಯವಾದಷ್ಟು ಮಟ್ಟಿಗೆ ಅಚ್ಚುಕಟ್ಟಿನಲ್ಲಿ ಕನಿಷ್ಠ ಒಂದು ಎಕರೆ ಎನ್ನುತ್ತದೆ. ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಎರಡು ಪದಗಳಲ್ಲಿ ಎಷ್ಟು ಎಕರೆ ಆವಿಯಾಗುತ್ತದೆಂದು ಈ ಕೆಲಸದಲ್ಲಿರುವವರಿಗೆ ಗೊತ್ತು. ಆದ್ದರಿಂದ ಮಾತುಕತೆಯ ಮೊದಲ ದಿನವೇ ಕೇಳಬೇಕು: ಅಚ್ಚುಕಟ್ಟಿನ ಯಾವ ಕಾಲುವೆ, ಯಾವ ಸರ್ವೆ ನಂಬರು? ಜಲಾಶಯದ ಮೀನಿನ ಹಕ್ಕು ಯಾರಿಗೆ, ಬಲೆ ಬೀಸಲು ಬಾರದ ರೈತನಿಗೆ ಕಲಿಸುವವರು ಯಾರು? ನೀರು ಇಳಿದಾಗ ಬಯಲಾಗುವ ಹಿನ್ನೀರಿನ ಮೆಕ್ಕಲು ನೆಲವನ್ನು ಉಳುವ ಮೊದಲ ಹಕ್ಕು ಅದನ್ನು ಕಳೆದುಕೊಂಡವನಿಗೆ ಬರೆದುಕೊಡುತ್ತೀರಾ? ಏತ ನೀರಾವರಿಯಿಂದ ದಂಡೆಯ ಮೇಲಿನ ಊರುಗಳಿಗೆ ಎಷ್ಟು?

ಬಾಗಲಕೋಟೆಯ ಕಡೆ ಒಂದು ಪುನರ್ವಸತಿ ಕೇಂದ್ರದ ಹತ್ತಾರು ಮನೆಗಳು ಸೇರಿ ಹಿನ್ನೀರಿಗೆ ಪಂಪು ಇಟ್ಟು ಏತದಿಂದ ಕಬ್ಬು, ಈರುಳ್ಳಿ ಬೆಳೆದದ್ದನ್ನು ನೋಡಿದ ದಿನ, ನನ್ನ ಕೆಲಸಕ್ಕೆ ಅರ್ಥವಿದೆ ಎನಿಸಿತು. ಅವರ ಹೊಲ ಮುಳುಗಿಸಿದ್ದು ಅದೇ ನೀರು.

10. ಹತ್ತನೇ ವರ್ಷ ಮತ್ತೆ ಹೋಗಿ, ಅದೇ ಪಟ್ಟಿ ಹಿಡಿದು

ಕಚೇರಿಯ ಲೆಕ್ಕದಲ್ಲಿ ಪುನರ್ವಸತಿ ಮುಗಿಯುವುದು ಕೊನೆಯ ಚೆಕ್ಕು ಹೋದ ದಿನ. ಅಮೆರಿಕದ ಮಾನವಶಾಸ್ತ್ರಜ್ಞ ಥೇಯರ್ ಸ್ಕಡರ್ ಆಫ್ರಿಕದ ಕರೀಬಾ ಅಣೆಕಟ್ಟಿನಿಂದ ಎದ್ದ ಜನರನ್ನು ದಶಕಗಟ್ಟಲೆ ಹಿಂಬಾಲಿಸಿ ಹೇಳಿದ್ದೇನೆಂದರೆ, ಎರಡನೇ ತಲೆಮಾರಿನ ಕೈಗೆ ಊರು ಬರುವತನಕ ಏನೂ ಮುಗಿದಿರುವುದಿಲ್ಲ. ಅಷ್ಟು ಕಾಲ ಕಾಯುವ ಇಲಾಖೆ ನಮ್ಮಲ್ಲಿಲ್ಲ. ಹಾಗಾಗಿ ನಾವು ಕೆಲವರು ಕೈಯಿಂದ ಬರೆದ ಹನ್ನೆರಡು ತಿಂಗಳ ಪಟ್ಟಿಗಳನ್ನು ಇಟ್ಟುಕೊಂಡು ಮೂರನೇ ವರ್ಷ, ಆರನೇ ವರ್ಷ, ಹತ್ತನೇ ವರ್ಷ ಅದೇ ಮನೆಗೆ ಹೋಗಿ ಅದೇ ಪ್ರಶ್ನೆ ಕೇಳುತ್ತೇವೆ. ಕೇಳಬೇಕಾದವರು ಕೆಲವು ಮನೆಗಳಲ್ಲಿ ತೀರಿಕೊಂಡಿರುತ್ತಾರೆ. ಸೊಸೆ ಉತ್ತರ ಕೊಡುತ್ತಾಳೆ.

ಕಳೆದ ಸಲ ಅಂಥ ಒಂದು ಮನೆಯಲ್ಲಿ, ಜೂನ್ ತಿಂಗಳ ಖಾನೆಗೆ ಬಂದಾಗ ಸೊಸೆ ನನ್ನ ಪಟ್ಟಿಯನ್ನು ಇಸಿದುಕೊಂಡು ತಾನೇ ಓದಿದಳು. ಅತ್ತೆಯ ಕಾಲದಲ್ಲಿ ಅಲ್ಲಿ ‘ನಾಟಿ, ಗದ್ದೆ ಕೂಲಿ’ ಎಂದಿತ್ತು. ಅದನ್ನು ಹೊಡೆದುಹಾಕಿ, ತಮಿಳಿನಲ್ಲಿ ‘ಸ್ವಂತ ನಾಟಿ, ಅರ್ಧ ಎಕರೆ, ಗುತ್ತಿಗೆಗೆ’ ಎಂದು ಬರೆದಳು. ಬರೆದು, ಕಾಗದ ನನ್ನ ಕೈಗೆ ಕೊಡದೆ, “ಮಾವಾ, ಇದರ ಒಂದು ಜೆರಾಕ್ಸು ನಮಗೂ ಬೇಕು” ಎಂದಳು.